ಕಾಗದ ಹೇಳಿದ್ದು, ಕರುಳು ಹೇಳಿದ್ದು: ಆಸ್ಟ್ರೇಲಿಯಾದ ಕದ್ದ ಮಕ್ಕಳ ಚರಿತ್ರೆ

ಆಸ್ಟ್ರೇಲಿಯಾ ಅಂದರೆ ನಮ್ಮ ಹುಡುಗರಿಗೆ ಕ್ರಿಕೆಟ್ಟು. ಹೆಚ್ಚೆಂದರೆ ಕಾಂಗರೂ. ನಾವು ಓದಿದ ಸಮಾಜ ಪಾಠದಲ್ಲಿ ಆ ಖಂಡದಲ್ಲಿ ಕುರಿ ಇದ್ದವು, ಉಣ್ಣೆ ಇತ್ತು, ಗೋಧಿ ಇತ್ತು, ಚಿನ್ನದ ಗಣಿ ಇತ್ತು. ಮನುಷ್ಯರು ಮಾತ್ರ ಇರಲಿಲ್ಲ. ಇದ್ದರೂ ಬೂಮರಾಂಗ್ ಎಸೆಯುವವರು ಅಂತ ಒಂದು ಸಾಲು. ಪರೀಕ್ಷೆಗೆ ಒಂದು ಅಂಕ. ಐವತ್ತು ಸಾವಿರ ವರ್ಷಕ್ಕೂ ಹಿಂದಿನಿಂದ ಆ ನೆಲದಲ್ಲಿ ಬದುಕಿದ ಜನಕ್ಕೆ ನಮ್ಮ ಪಠ್ಯಪುಸ್ತಕ ಕೊಟ್ಟ ಬೆಲೆ ಒಂದು ಅಂಕ!

ಆ ಜನರ ಮಕ್ಕಳನ್ನು ತಾಯಂದಿರ ಮಡಿಲಿನಿಂದ ಸರ್ಕಾರವೇ ಕಿತ್ತುಕೊಂಡು ಹೋಯಿತು. ಕಳ್ಳರು ಬಂದು ಕದ್ದದ್ದಲ್ಲ. ಕಾನೂನು ಮಾಡಿ, ಪೊಲೀಸರನ್ನು ಕಳಿಸಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಒಯ್ದದ್ದು. ಒಂದೆರಡು ವರ್ಷ ಅಲ್ಲ, ಹೆಚ್ಚು ಕಡಿಮೆ 1910ರಿಂದ 1970ರ ತನಕ. ಆ ಅವಧಿಯಲ್ಲಿ ಮೂಲನಿವಾಸಿಗಳ ಮಕ್ಕಳಲ್ಲಿ ಹತ್ತಕ್ಕೆ ಒಂದರಿಂದ ಮೂರಕ್ಕೆ ಒಂದರವರೆಗೆ ಹೀಗೆ ಹೋದವು ಎಂದು ಅಲ್ಲಿಯ ವಿಚಾರಣಾ ಆಯೋಗವೇ 1997ರಲ್ಲಿ ಅಂದಾಜು ಮಾಡಿತು. ಈ ಮಕ್ಕಳನ್ನು ಈಗ ಅಲ್ಲಿ ‘ಕದ್ದೊಯ್ದ ತಲೆಮಾರುಗಳು’ ಎನ್ನುತ್ತಾರೆ.

ನಮ್ಮ ಪತ್ರಿಕೆ ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರುಗಳು ಬಹಳ ಮಂದಿ. ಅದಕ್ಕೇ ಈ ಚರಿತ್ರೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಎತ್ತಿಕೊಂಡಿದ್ದೇವೆ. ಇಂಥ ಚರಿತ್ರೆಯನ್ನು ಮಕ್ಕಳ ಮುಂದೆ ಹೇಗೆ ಇಡಬೇಕು? ಆಸ್ಟ್ರೇಲಿಯಾದ ಶಾಲೆಗಳು ಇದಕ್ಕೆ ಒಂದು ದಾರಿ ಹಿಡಿದವು: ನೊಂದವರ ಬಾಯಿಂದಲೇ ಕೇಳಿಸುವುದು. ಆ ದಾರಿಯಲ್ಲಿ ಏನಿದೆ, ಎಲ್ಲಿ ಮುಳ್ಳಿದೆ ನೋಡೋಣ.

ಮೊದಲು ಕಾಗದದ ಮಾತು. 1788ರಲ್ಲಿ ಸಿಡ್ನಿಯ ದಂಡೆಗೆ ಬಂದಿಳಿದ ಬಿಳಿಯರು ನೆಲ ಕಿತ್ತುಕೊಂಡರು, ನೀರು ಕಿತ್ತುಕೊಂಡರು, ಎದುರಿಗೆ ನಿಂತವರನ್ನು ಕೊಂದರು. ಅದೆಲ್ಲ ಮುಗಿದ ಮೇಲೆ ಉಳಿದವರನ್ನು ‘ರಕ್ಷಿಸಲು’ ಹೊರಟರು. ರಕ್ಷಣೆ ಎಂಬ ಮಾತು ದೊರೆಗಳ ಬಾಯಲ್ಲಿ ಬಂದಾಗಲೆಲ್ಲ ಬಡವನ ಎದೆ ಝಲ್ಲೆನ್ನಬೇಕು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1905ರ ಕಾಯಿದೆ ‘ಮುಖ್ಯ ರಕ್ಷಕ’ ಎಂಬ ಅಧಿಕಾರಿಯನ್ನು ಹದಿನಾರು ವರ್ಷದೊಳಗಿನ ಪ್ರತಿಯೊಂದು ಮೂಲನಿವಾಸಿ ಮಗುವಿಗೂ ಕಾನೂನುಬದ್ಧ ಪೋಷಕನನ್ನಾಗಿ ಮಾಡಿತು. ಹೆತ್ತವಳು ಬದುಕಿದ್ದಾಳೆ, ಅಪ್ಪ ಬದುಕಿದ್ದಾನೆ. ಆದರೆ ಕಾಯಿದೆ ಪ್ರಕಾರ ಮಗುವಿಗೆ ದಿಕ್ಕು ಪರ್ತ್ ಪಟ್ಟಣದ ಕಚೇರಿಯಲ್ಲಿ ಕೂತ ಒಬ್ಬ ಸಾಹೇಬ! ನ್ಯೂ ಸೌತ್ ವೇಲ್ಸ್‌ನಲ್ಲಿ 1909ರ ಕಾಯಿದೆ ಇತ್ತು. ಅದರ ಪ್ರಕಾರ ಮಗು ಅನಾದರಕ್ಕೆ ಒಳಗಾಗಿದೆ ಎಂದು ಕೋರ್ಟಿನ ಮುಂದೆ ತೋರಿಸಬೇಕಿತ್ತು. ಅದು ತೊಡಕಾಯಿತಂತೆ. 1915ರಲ್ಲಿ ತಿದ್ದುಪಡಿ ತಂದು ಕೋರ್ಟಿನ ಕಾಟವನ್ನೇ ತೆಗೆದುಹಾಕಿದರು. ಆಮೇಲೆ ರಕ್ಷಣಾ ಮಂಡಳಿ ಬೇಕೆಂದರೆ ಸಾಕು, ಮಗು ಹೋಯಿತು.

ಪೀಟರ್ ರೀಡ್ ಎಂಬ ಇತಿಹಾಸಕಾರ ಈ ಮಂಡಳಿಯ ಹಳೆ ಕಡತಗಳನ್ನು ಬಿಚ್ಚಿ ಕೂತ. ಒಂದೊಂದು ಮಗುವಿಗೂ ಒಂದೊಂದು ನಮೂನೆ. ಅದರಲ್ಲಿ ಮಗುವನ್ನು ವಶಕ್ಕೆ ತೆಗೆದುಕೊಳ್ಳಲು ಕಾರಣವೇನು ಎಂಬ ಕಲಮು. ಕೆಲವು ಮ್ಯಾನೇಜರುಗಳಿಗೆ ಕಾರಣ ಹುಡುಕುವ ತಾಳ್ಮೆಯೂ ಇರಲಿಲ್ಲ. ಮೂಲನಿವಾಸಿಯಾಗಿರುವುದರಿಂದ ಎಂದು ಬರೆದು ಮುಗಿಸಿದ್ದರು. ಅಷ್ಟೇ. ರೀಡ್ 1981ರಲ್ಲಿ ಇದನ್ನೆಲ್ಲ ಸೇರಿಸಿ ಒಂದು ಸಣ್ಣ ಪುಸ್ತಿಕೆ ತಂದ. ‘ಕದ್ದೊಯ್ದ ತಲೆಮಾರುಗಳು’ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಆ ಪುಸ್ತಿಕೆಯಿಂದ. ಪುಸ್ತಿಕೆ ಎಂದರೆ ಪುಸ್ತಿಕೆಯೇ, ನಮ್ಮ ಪತ್ರಿಕೆಗಳ ಹಾಗೆ ತೆಳ್ಳಗಿನದು. ದಪ್ಪ ಪುಸ್ತಕಗಳು ಮಾಡದ ಕೆಲಸವನ್ನು ಅದು ಮಾಡಿತು.

ಯಾಕೆ ಮಕ್ಕಳೇ ಬೇಕಾಗಿತ್ತು? ಇದರ ಹಿಂದೆ ರಕ್ತದ ಲೆಕ್ಕ ಇತ್ತು. ಪೂರ್ತಿ ಕರಿಯರು ತಾವಾಗಿಯೇ ಅಳಿದುಹೋಗುತ್ತಾರೆ, ಬಿಳಿ ಗಂಡಸರಿಂದ ಹುಟ್ಟಿದ ಅರ್ಧ ರಕ್ತದವರು, ಕಾಲು ರಕ್ತದವರು ಉಳಿಯುತ್ತಾರೆ, ಅವರನ್ನು ಚಿಕ್ಕಂದಿನಲ್ಲೇ ತಾಯಿಯಿಂದ ಬೇರ್ಪಡಿಸಿ ಬೆಳೆಸಿದರೆ ಮೂರ್ನಾಲ್ಕು ತಲೆಮಾರಿನಲ್ಲಿ ಬಣ್ಣ ತೊಳೆದುಹೋಗುತ್ತದೆ ಎಂಬ ಲೆಕ್ಕ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1915ರಿಂದ 1940ರ ತನಕ ಅಧಿಕಾರದಲ್ಲಿ ಕೂತಿದ್ದ ಎ. ಓ. ನೆವಿಲ್ ಈ ಲೆಕ್ಕದ ದೊಡ್ಡ ಪಂಡಿತ. 1937ರಲ್ಲಿ ಕ್ಯಾನ್‌ಬೆರಾದಲ್ಲಿ ರಾಜ್ಯಗಳ ಅಧಿಕಾರಿಗಳು ಸಭೆ ಸೇರಿ ಬೆರಕೆ ರಕ್ತದವರನ್ನು ಬಿಳಿ ಜನದಲ್ಲಿ ಕರಗಿಸಿಬಿಡುವುದೇ ಗುರಿ ಎಂದು ಗೊತ್ತುವಳಿ ಮಾಡಿದರು. ಆ ಬೆರಕೆ ಮಕ್ಕಳು ಹೇಗೆ ಹುಟ್ಟಿದವು, ಆ ಬಿಳಿ ಅಪ್ಪಂದಿರು ಯಾರು ಎಂದು ಸಭೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮನುವಿನ ಅನುಲೋಮ ಪ್ರತಿಲೋಮದ ಪಟ್ಟಿ ಓದಿದವರಿಗೆ ಇದು ಹೊಸ ಗಣಿತವಲ್ಲ. ಮೇಲಿನವನ ಹಾಸಿಗೆಗೆ ಲೆಕ್ಕವಿಲ್ಲ, ಕೆಳಗಿನವಳ ಬಸಿರಿಗೆ ಲೆಕ್ಕ.

ಒಯ್ದ ಮಕ್ಕಳನ್ನು ಏನು ಮಾಡಿದರು? ಹುಡುಗಿಯರನ್ನು ಕೂಟಮುಂಡ್ರದಂಥ ತರಬೇತಿ ಮನೆಗಳಿಗೆ ಹಾಕಿ ನೆಲ ಒರೆಸುವುದು, ಬಟ್ಟೆ ಒಗೆಯುವುದು ಕಲಿಸಿ ಬಿಳಿಯರ ಮನೆಗೆ ಆಳಾಗಿ ಕಳಿಸಿದರು. ಕೂಲಿಯ ದುಡ್ಡು ಮಂಡಳಿಯ ಖಾತೆಗೆ. ಎಷ್ಟೋ ಜನರ ಕೈಗೆ ಅದು ಬರಲೇ ಇಲ್ಲ. ಹುಡುಗರಿಗೆ ಕಿಂಚೆಲಾ ಎಂಬ ಹಾಸ್ಟೆಲ್ಲು, 1924ರಿಂದ 1970ರ ತನಕ ನಡೆಯಿತು. ಅಲ್ಲಿ ಹುಡುಗನಿಗೆ ಹೆಸರಿಲ್ಲ, ನಂಬರು. ದನಕ್ಕೂ ನಾವು ಹೆಸರಿಟ್ಟು ಕರೀತೀವಿ.

ಇದು ಕಾಗದದಲ್ಲಿ ಸಿಗುವ ಚರಿತ್ರೆ. ಕಾಯಿದೆ, ಇಸವಿ, ಅಧಿಕಾರಿ, ಗೊತ್ತುವಳಿ. ಇಷ್ಟನ್ನೇ ಬೋರ್ಡಿನ ಮೇಲೆ ಬರೆದರೆ ಮಕ್ಕಳು ನೋಟ್ಸ್ ಬರೆದುಕೊಂಡು ಮರೆತುಬಿಡುತ್ತಾರೆ. ಈಗ ಬಾಯಿಮಾತಿಗೆ ಬರೋಣ.

ಮಾರ್ಗರೆಟ್ ಟಕ್ಕರ್ ಹುಟ್ಟಿದ್ದು 1904ರಲ್ಲಿ. ದೊಡ್ಡವಳಾದ ಮೇಲೆ ತನ್ನ ಜನರ ಹೋರಾಟದಲ್ಲಿ ಮುಂದೆ ನಿಂತವಳು. 1977ರಲ್ಲಿ ತನ್ನ ಬದುಕಿನ ಕತೆ ಬರೆದಳು. ಅವಳನ್ನು ಒಯ್ದದ್ದು 1917ರಲ್ಲಿ, ಹದಿಮೂರು ವರ್ಷದ ಹುಡುಗಿ. ಒಯ್ದದ್ದು ಎಲ್ಲಿಂದ ಗೊತ್ತೆ? ಶಾಲೆಯಿಂದ. ಮೂನಾಕಲ್ಲ ಎಂಬ ಕೇರಿಯ ಶಾಲೆ. ಪಾಠ ನಡೀತಿದ್ದಾಗ ಪೊಲೀಸರ ಮೋಟಾರು ಬಂತು. ಸುದ್ದಿ ಕೇಳಿ ಅವ್ವ ಓಡಿಬಂದು ಇವಳನ್ನೂ ಇವಳ ತಂಗಿಯನ್ನೂ ತಬ್ಬಿ ಹಿಡಿದಳು. ಬಿಡೋದಿಲ್ಲ ಅಂದಳು. ಪೊಲೀಸಿನವನು ಸೊಂಟದ ಚರ್ಮದ ಚೀಲ ತಟ್ಟಿ, ಬಿಡದಿದ್ದರೆ ಇದನ್ನು ಬಳಸಬೇಕಾಗುತ್ತೆ ಅಂದ. ಅದರಲ್ಲಿ ಇದ್ದದ್ದು ಕೈಕೋಳ. ಮಕ್ಕಳು ಅದನ್ನು ಪಿಸ್ತೂಲು ಅಂದುಕೊಂಡವು. ಅವ್ವನಿಗೆ ಗುಂಡು ಹೊಡೀತಾನೆ ಅಂತ ಹೆದರಿ, ನಾವೇ ಹೋಗ್ತೀವಿ ಅವ್ವ, ಹೋಗ್ತೀವಿ ಅಂತ ಕಿರುಚಿದವು.

ಓದುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಮಂಡಳಿಯ ಕಡತದಲ್ಲಿ ಈ ಘಟನೆ ಹೇಗೆ ಬರೆಯಲ್ಪಡುತ್ತದೆ? ಮಕ್ಕಳು ತಾವಾಗಿಯೇ ಬರಲು ಒಪ್ಪಿದರು ಎಂದೂ ಬರೆಯಬಹುದಲ್ಲ! ಅದು ಸುಳ್ಳೂ ಅಲ್ಲ. ಹೋಗ್ತೀವಿ ಅಂತ ಮಕ್ಕಳೇ ಅಂದದ್ದು. ಕೈಕೋಳದ ಚೀಲ ತಟ್ಟಿದ ಸದ್ದು ಕಾಗದದಲ್ಲಿ ಕೇಳಿಸುವುದಿಲ್ಲ. ಅದು ಆ ಹುಡುಗಿಯ ಕಿವಿಯಲ್ಲಿ ಅರವತ್ತು ವರ್ಷ ಉಳಿದಿತ್ತು. ಅವ್ವ ಮೋಟಾರಿನಲ್ಲಿ ಪೇಟೆಯ ಠಾಣೆವರೆಗೂ ಜೊತೆಗೆ ಹೋದಳು. ಅಲ್ಲಿ ಅವಳ ಕಣ್ಣು ತಪ್ಪಿಸಿ ಮಕ್ಕಳನ್ನು ಸಾಗಿಸಿದರು. ಆಮೇಲೆ ಅವಳು ದಾರಿಯ ಪಕ್ಕದಲ್ಲಿ ಬಿದ್ದು ನರಳುತ್ತಿದ್ದುದನ್ನು ನೆಂಟರು ಕಂಡರಂತೆ.

ಇನ್ನೊಬ್ಬಳು ಅಜ್ಜಿ, ನಂಗಾಲಾ ಫೇಜೊ. ಅವಳ ಕತೆಯನ್ನು ಪ್ರಧಾನಿ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಕೇಳುವಾಗ ಹೇಳಿದ. ಟೆನೆಂಟ್ ಕ್ರೀಕ್ ಹತ್ತಿರದ ಕಾಡಿನ ಹಾಡಿ. ಬಿಳಿಯರು ಬರುತ್ತಾರೆಂದು ಹಿರಿಯರಿಗೆ ಗೊತ್ತಿತ್ತು. ಹಳ್ಳದ ದಡದಲ್ಲಿ ಗುಂಡಿ ತೋಡಿ ಮಕ್ಕಳನ್ನು ಅಡಗಿಸುತ್ತಿದ್ದರು. 1932ರ ಸುಮಾರಿಗೆ ಲಾರಿಯಲ್ಲಿ ಇಬ್ಬರು ಬಿಳಿಯರು ಬಂದರು, ಜೊತೆಗೆ ಕುದುರೆಯ ಮೇಲೆ ದನ ಕಾಯುವ ಒಬ್ಬ ಮೂಲನಿವಾಸಿ. ಗುಂಡಿ ಎಲ್ಲಿದೆ ಎಂದು ಕಂಡುಹಿಡಿದವನು ಅವನೇ. ಮನೆಯ ಗುಟ್ಟು ಬಲ್ಲವನೇ ದಣಿಯ ಕಣ್ಣಾಗುವುದು ನಮ್ಮ ಊರುಗಳಲ್ಲೂ ಕಾಣದ್ದಲ್ಲ. ನಾಲ್ಕು ವರ್ಷದ ಆ ಕೂಸನ್ನು ಆಲಿಸ್ ಸ್ಪ್ರಿಂಗ್ಸ್‌ನ ಬಂಗ್ಲೆಗೆ ಒಯ್ದರು. ಬಂಗ್ಲೆ ಅಂದರೆ ಹೆಸರಿಗೆ ಬಂಗ್ಲೆ, ಮಕ್ಕಳ ಕೊಂಡವಾಡ. ಕೆಲವು ವರ್ಷದ ಮೇಲೆ ಮಕ್ಕಳನ್ನು ಮೂರು ಸಾಲಾಗಿ ನಿಲ್ಲಿಸಿದರು. ಒಂದು ಸಾಲು ಕ್ಯಾಥೊಲಿಕ್, ಒಂದು ಮೆಥಡಿಸ್ಟ್, ಒಂದು ಇಂಗ್ಲೆಂಡಿನ ಚರ್ಚು. ದೇವರನ್ನು ರೇಷನ್ನಿನ ಹಾಗೆ ಹಂಚಿದ್ದು! ಅವಳೂ ಅಕ್ಕನೂ ಮೆಥಡಿಸ್ಟರ ದ್ವೀಪಕ್ಕೆ. ಅಣ್ಣ ಬೇರೆ ಕಡೆ ದನ ಕಾಯಲು. ತಾಯಿ ಮತ್ತೆ ಸಿಗಲಿಲ್ಲ. ಎಷ್ಟೋ ವರ್ಷದ ಮೇಲೆ ಆ ದನ ಕಾಯುವವನು ಬಂದು ಕ್ಷಮಿಸಿ ಅಂದ. ಅವಳು ಕ್ಷಮಿಸಿದಳು.

ಆರ್ಚಿ ರೋಚ್ (1956–2022) ಹಾಡುಗಾರ. ಮಕ್ಕಳನ್ನು ಒಯ್ದದ್ದರ ಬಗ್ಗೆ 1990ರಲ್ಲಿ ಅವನು ಮುದ್ರಿಸಿದ ಹಾಡು ಆಸ್ಟ್ರೇಲಿಯಾದ ಉದ್ದಗಲಕ್ಕೂ ಹರಡಿತು. ಅವನನ್ನು ಒಯ್ದಾಗ ಮೂರು ವರ್ಷ ಇರಬಹುದು. ಬೆಳೆಸಿದ ಬಿಳಿಯರ ಮನೆಯಲ್ಲಿ ಅವನು ಕೇಳಿದ್ದು, ನಿಮ್ಮ ಮನೆಯವರೆಲ್ಲ ಬೆಂಕಿಯಲ್ಲಿ ಸುಟ್ಟುಹೋದರು ಅಂತ. ಹದಿನೈದರ ಆಸುಪಾಸಿನಲ್ಲಿ ಶಾಲೆಯಲ್ಲಿ ಅವನಿಗೊಂದು ಕಾಗದ ಬಂತು. ಅಕ್ಕ ಬರೆದದ್ದು. ಅವ್ವ ತೀರಿಕೊಂಡಳು ಅಂತ. ಅಂದರೆ ಅಷ್ಟು ದಿನ ಅವ್ವ ಬದುಕಿದ್ದಳು! ಸತ್ತಳು ಎಂಬ ಸುದ್ದಿಯಿಂದಲೇ ಬದುಕಿದ್ದಳು ಎಂದು ತಿಳಿಯುವುದು... ಇದನ್ನು ಯಾವ ಅಂಕಿ ಅಂಶದಲ್ಲಿ ಬರೆಯುತ್ತೀರಿ?

ಇಂಥ ಬಾಯಿಗಳು ಒಂದೆರಡಲ್ಲ. 1995ರಲ್ಲಿ ಅಲ್ಲಿಯ ಮಾನವ ಹಕ್ಕುಗಳ ಆಯೋಗ ವಿಚಾರಣೆ ಶುರುಮಾಡಿತು. ನಿವೃತ್ತ ನ್ಯಾಯಾಧೀಶ ರೊನಾಲ್ಡ್ ವಿಲ್ಸನ್, ಮೂಲನಿವಾಸಿ ವಕೀಲ ಮಿಕ್ ಡಾಡ್ಸನ್ ದೇಶವೆಲ್ಲ ಸುತ್ತಿ ಕೂತು ಕೇಳಿದರು. 535 ಮೂಲನಿವಾಸಿಗಳು ತಮ್ಮ ಕತೆ ಹೇಳಿದರು. ಗಂಡನಿಗೂ ಹೇಳದ್ದನ್ನು, ಮಕ್ಕಳಿಗೂ ಹೇಳದ್ದನ್ನು ಅಲ್ಲಿ ಹೇಳಿದವರು ಉಂಟು. ಬೇಕೆಂದವರ ಹೆಸರು ಗುಟ್ಟಾಗಿ ಉಳಿಯಿತು. 1997ರ ಮೇ 26ರಂದು ಸಂಸತ್ತಿನ ಮುಂದೆ ಬಂದ ವರದಿಯ ಹೆಸರು ‘ಅವರನ್ನು ಮನೆಗೆ ಕರೆತರುವುದು’. ಅದರ 54 ಶಿಫಾರಸುಗಳಲ್ಲಿ ಎರಡು ನಮಗೆ ಮುಖ್ಯ. ಒಂದು, ಈ ಜನರ ಬಾಯಿಮಾತನ್ನು ದಾಖಲು ಮಾಡಿ ಉಳಿಸಲು ಸರ್ಕಾರ ದುಡ್ಡು ಕೊಡಬೇಕು. ಎರಡು, ಪ್ರೈಮರಿ ಮತ್ತು ಹೈಸ್ಕೂಲಿನಲ್ಲಿ ಈ ಚರಿತ್ರೆ ಕಡ್ಡಾಯ ಪಾಠವಾಗಬೇಕು. ಮೊದಲನೆಯದರ ಫಲವಾಗಿ ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯ ಮುನ್ನೂರಕ್ಕೂ ಹೆಚ್ಚು ಮಂದಿಯ ಮಾತನ್ನು ಧ್ವನಿಮುದ್ರಿಸಿ ಇಟ್ಟಿತು. ಒಯ್ದವರ ಮಾತು, ಒಯ್ಯಲ್ಪಟ್ಟವರ ಮಾತು ಎರಡೂ ಅದರಲ್ಲಿವೆ. ಎರಡನೆಯದು ತಡವಾಗಿ ಆಯಿತು. 2010ರ ಆಮೇಲೆ ಬಂದ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಹತ್ತನೇ ತರಗತಿಯ ಇತಿಹಾಸಕ್ಕೆ ಈ ವರದಿಯೂ 2008ರ ಕ್ಷಮೆಯೂ ಪಾಠವಾಗಿ ಸೇರಿದವು.

ಇಷ್ಟು ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. 1996ರಿಂದ 2007ರ ತನಕ ಪ್ರಧಾನಿಯಾಗಿದ್ದ ಜಾನ್ ಹೋವರ್ಡ್ ಕ್ಷಮೆ ಕೇಳುವುದಿಲ್ಲ ಎಂದು ಕೂತುಬಿಟ್ಟ. ವಿಷಾದವಿದೆ, ಕ್ಷಮೆ ಇಲ್ಲ! 2000ದಲ್ಲಿ ಅವನ ಮಂತ್ರಿ ಒಯ್ದದ್ದು ಬರೀ ಹತ್ತನೇ ಒಂದು ಪಾಲು, ಅದನ್ನು ತಲೆಮಾರು ಅನ್ನಬಾರದು ಎಂದು ತಕರಾರು ತೆಗೆದ. ಹತ್ತು ಮನೆಯ ಕೇರಿಯಲ್ಲಿ ಒಂದು ಮನೆಯ ಕೂಸನ್ನು ಎತ್ತಿಕೊಂಡು ಹೋದರೆ ಉಳಿದ ಒಂಬತ್ತು ಮನೆಯವರು ರಾತ್ರಿ ನಿದ್ದೆ ಮಾಡುತ್ತಾರೆಯೆ? ಇನ್ನು ಕೆಲವು ಪಂಡಿತರು, ಈ ಮಾತುಗಳಿಗೆ ಪಾಟೀಸವಾಲು ಆಗಿಲ್ಲ, ನೆನಪು ನಂಬಲಾಗದ್ದು, ಎಳೆಗೂಸಿಗೆ ಏನು ನೆನಪಿರುತ್ತೆ ಎಂದರು.

ನೆನಪು ಜಾರುತ್ತದೆ, ನಿಜ. ದಿನಾಂಕ ತಪ್ಪುತ್ತದೆ, ಮೋಟಾರಿನ ಬಣ್ಣ ಬದಲಾಗುತ್ತದೆ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ ಕಾಗದ ಜಾರುವುದಿಲ್ಲವೆ? ಕಾಗದ ಬರೆದವನಿಗೆ ಪಾಟೀಸವಾಲು ಮಾಡಿದವರು ಯಾರು? ಈ ಪ್ರಶ್ನೆ ಎರಡು ಮೊಕದ್ದಮೆಗಳಲ್ಲಿ ಎದ್ದು ಬಂತು. ಮೇಷ್ಟ್ರುಗಳು ಈ ಎರಡನ್ನೂ ಜೊತೆಜೊತೆಗೆ ಓದಬೇಕು.

ಮೊದಲನೆಯದು 2000ದ ಆಗಸ್ಟಿನಲ್ಲಿ ತೀರ್ಪಾದದ್ದು. ಲೋರ್ನಾ ಕ್ಯುಬಿಲೊ, ಪೀಟರ್ ಗನ್ನರ್ ಎಂಬ ಇಬ್ಬರು ಕೇಂದ್ರ ಸರ್ಕಾರದ ಮೇಲೆ ಹಾಕಿದ ಕೇಸು. ಅವಳನ್ನು 1947ರಲ್ಲಿ, ಅವನನ್ನು 1956ರಲ್ಲಿ ಒಯ್ದದ್ದು. ಇಬ್ಬರೂ ಸೋತರು. ಸಾಕ್ಷಿ ಹೇಳಬೇಕಾದವರು ಅಷ್ಟರಲ್ಲಿ ಸತ್ತಿದ್ದರು. ಗನ್ನರನ ವಿಷಯದಲ್ಲಿ ಸರ್ಕಾರದ ಕೈಯಲ್ಲಿ ಒಂದು ಕಾಗದ ಇತ್ತು. ತಾಯಿಯ ಒಪ್ಪಿಗೆ ಪತ್ರ. ಮಗನನ್ನು ಓದಿಸಲು ಕರೆದೊಯ್ಯಬಹುದು ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ. ಕೆಳಗೆ ಹೆಬ್ಬೆಟ್ಟು.

ಗೆಳೆಯರೇ, ಹೆಬ್ಬೆಟ್ಟು ಅಂದರೇನು ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಮನೆತನಗಳಲ್ಲಿ ಸಹಿ ಹಾಕಿದ ಮೊದಲ ತಲೆಮಾರು ನಮ್ಮದು. ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿ ಜೀತಕ್ಕೆ ಹೋದರು, ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡರು. ಒತ್ತು ಅಂದ ಕಡೆ ಒತ್ತುವುದು. ಮೇಲೆ ಏನು ಬರೆದಿದೆ ಎಂದು ಕೇಳುವ ಹಕ್ಕು ಹೆಬ್ಬೆರಳಿಗೆ ಇರಲಿಲ್ಲ. ಆ ತಾಯಿಗೆ ಆ ಕಾಗದ ಓದಿ ಹೇಳಿದವರು ಇದ್ದರೆ? ಹೇಳಿದ್ದರೆ ಯಾವ ಭಾಷೆಯಲ್ಲಿ? ಅವಳು ಬೇಡ ಅಂದಿದ್ದರೆ ಬಿಡುತ್ತಿದ್ದರೆ? ನ್ಯಾಯಾಧೀಶ, ಅದು ಅವಳ ಗುರುತಲ್ಲ, ಅವಳಿಗೆ ಅರ್ಥವಾಗಿರಲಿಲ್ಲ ಎನ್ನುವುದಕ್ಕೆ ಆಧಾರವಿಲ್ಲ ಎಂದ. ಆ ಕಾಲದಲ್ಲಿ ಮಕ್ಕಳನ್ನು ಒಯ್ದದ್ದೇ ಸುಳ್ಳು ಅಂತೇನೂ ಅವನು ಹೇಳಲಿಲ್ಲ. ಅದನ್ನು ಹೇಳದೆ ಬಿಟ್ಟರೆ ನಾವು ಮೋಸ ಮಾಡಿದಂತೆ. ಆದರೆ ಆ ಕೇಸಿನಲ್ಲಿ ಮನುಷ್ಯರ ಬಾಯಿ ಸೋತಿತು, ಶಾಯಿ ಮೆತ್ತಿದ ಬೆರಳು ಗೆದ್ದಿತು.

ಎರಡನೆಯದು ಬ್ರೂಸ್ ಟ್ರೆವೊರೊ ಎಂಬುವನದು, ದಕ್ಷಿಣ ಆಸ್ಟ್ರೇಲಿಯಾ. 1957ರ ಕ್ರಿಸ್‌ಮಸ್ ದಿನ. ಹದಿಮೂರು ತಿಂಗಳ ಕೂಸಿಗೆ ಹೊಟ್ಟೆನೋವು. ಅಪ್ಪನ ಹತ್ತಿರ ಗಾಡಿ ಇಲ್ಲ. ನೆರೆಯವರು ಕೂಸನ್ನು ಅಡಿಲೇಡಿನ ಮಕ್ಕಳ ಆಸ್ಪತ್ರೆಗೆ ಒಯ್ದು ಸೇರಿಸಿದರು. ಆಸ್ಪತ್ರೆಯ ದಾಖಲೆಯಲ್ಲಿ ಬರೆದದ್ದು: ತಂದೆತಾಯಿ ಇಲ್ಲ, ಅನಾದರಕ್ಕೆ ಒಳಗಾದ ಮಗು, ಸರಿಯಾದ ಆಹಾರವಿಲ್ಲ. ಎರಡು ವಾರದೊಳಗೆ ಕೂಸು ಗುಣವಾಗಿ ಒಂದು ಬಿಳಿ ಕುಟುಂಬದ ಕೈ ಸೇರಿತು. ಹೆತ್ತವಳನ್ನು ಒಂದು ಮಾತು ಕೇಳಲಿಲ್ಲ. ಅವಳಿಗೆ ಅಕ್ಷರ ಬರುತ್ತಿತ್ತು. 1958ರ ಜುಲೈನಲ್ಲಿ ಇಲಾಖೆಗೆ ಕಾಗದ ಬರೆದಳು: ನನ್ನ ಕೂಸು ಹೇಗಿದೆ, ಯಾವಾಗ ಮನೆಗೆ ಕಳಿಸುತ್ತೀರಿ, ನನಗೊಂದು ಕೂಸು ಅಲ್ಲಿದೆ ಎಂಬುದನ್ನು ನಾನು ಮರೆತಿಲ್ಲ ಎನ್ನುವ ಅರ್ಥದಲ್ಲಿ. ಉತ್ತರ ಬಂತು: ಮಗು ಚೇತರಿಸಿಕೊಳ್ಳುತ್ತಿದೆ, ಮನೆಗೆ ಕಳಿಸಬಹುದೆಂದು ಡಾಕ್ಟರು ಇನ್ನೂ ಹೇಳಿಲ್ಲ. ಮಗು ಆಸ್ಪತ್ರೆ ಬಿಟ್ಟು ಆಗಲೇ ಆರು ತಿಂಗಳ ಮೇಲಾಗಿತ್ತು!

ಹತ್ತು ವರ್ಷ ತುಂಬುವ ಹೊತ್ತಿಗೆ ಬ್ರೂಸ್ ತಾಯಿಯನ್ನು ನೋಡಿದ. ಅಪ್ಪ ಅಷ್ಟರಲ್ಲಿ ತೀರಿಹೋಗಿದ್ದ. ಕುಡಿತ, ಖಿನ್ನತೆ, ಎಲ್ಲಿಯೂ ನಿಲ್ಲಲಾರದ ಬದುಕು. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಅದೇ ಬಡತನದಲ್ಲಿ ಮನೆಯಲ್ಲೇ ಬೆಳೆದ ಅಣ್ಣತಮ್ಮಂದಿರು ತಮ್ಮ ಜನರ ಮುಖಂಡರಾಗಿ ಬಾಳಿದರು. ಕೋರ್ಟು ಈ ಎರಡನ್ನೂ ಹೋಲಿಸಿ ನೋಡಿತು. ಮೂಲನಿವಾಸಿ ಮಕ್ಕಳನ್ನು ಹೀಗೆ ಒಯ್ಯಲು ತನಗೆ ಅಧಿಕಾರವಿಲ್ಲ ಎಂಬ ಕಾನೂನು ಸಲಹೆ ಆಡಳಿತದ ಕಡತದಲ್ಲೇ ಇದ್ದದ್ದೂ ಹೊರಬಿತ್ತು. 2007ರ ಆಗಸ್ಟ್ 1ರಂದು ನ್ಯಾಯಮೂರ್ತಿ ಥಾಮಸ್ ಗ್ರೇ 5,25,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತ. ಬ್ರೂಸ್ 2008ರ ಜೂನ್‌ನಲ್ಲಿ ಸತ್ತ. ಗೆದ್ದು ಬದುಕಿದ್ದು ಒಂದು ವರ್ಷವೂ ಅಲ್ಲ.

ಗನ್ನರನ ತಾಯಿಯ ಬೆರಳು, ಬ್ರೂಸನ ತಾಯಿಯ ಅಕ್ಷರ. ನಮ್ಮ ಜನಕ್ಕೆ ಅಕ್ಷರ ಯಾಕೆ ಬೇಕು ಎಂದು ಕೇಳುವವರ ಮುಂದೆ ಈ ಎರಡು ಕಾಗದಗಳನ್ನು ಹರಡಿ ಇಡಬೇಕು ಅನ್ನಿಸುತ್ತದೆ. ತರಗತಿಯಲ್ಲೂ ಅಷ್ಟೇ. ಆಸ್ಪತ್ರೆಯ ದಾಖಲೆಯನ್ನು ಮಕ್ಕಳ ಮುಂದೆ ಇಟ್ಟು ಇದರಿಂದ ಏನು ತಿಳಿಯಿತು ಎಂದು ಮೊದಲು ಕೇಳಬೇಕು. ತಬ್ಬಲಿ ಮಗು, ಯಾರೂ ಇಲ್ಲ, ಸರ್ಕಾರ ಕಾಪಾಡಿತು ಅಂತ ಹೇಳ್ತಾರೆ. ಆಮೇಲೆ ತಾಯಿಯ ಕಾಗದ ಓದಬೇಕು. ಆಗ ಅವರೇ ದಾಖಲೆಯ ಕಡೆ ತಿರುಗಿ, ಹಂಗಾರೆ ಇದನ್ನ ಬರೆದೋರು ಯಾರು ಸಾರ್ ಎಂದು ಕೇಳುತ್ತಾರೆ. ಆ ಪ್ರಶ್ನೆ ಬಂದರೆ ಚರಿತ್ರೆಯ ಪಾಠ ಶುರುವಾಯಿತು ಅಂತ ಅರ್ಥ. ಅನಾದರ, ಒಪ್ಪಿಗೆ, ರಕ್ಷಣೆ, ಕಲ್ಯಾಣ ಈ ಒಂದೊಂದು ಮಾತೂ ಯಾರ ಲೇಖನಿಯಿಂದ ಯಾಕೆ ಬಂತು ಎಂದು ಬಿಡಿಸುವುದನ್ನು ಬಾಯಿಮಾತು ಕಲಿಸುತ್ತದೆ. ಬರೀ ಅಳಿಸಲು ಅದನ್ನು ತರಗತಿಗೆ ತಂದರೆ ಆ ಜನರ ನೋವನ್ನು ಎರಡನೇ ಸಲ ಕದ್ದ ಹಾಗೆ. ಮಕ್ಕಳು ಅತ್ತು ಹಗುರಾಗಿ ಮನೆಗೆ ಹೋಗುತ್ತಾರೆ. ಸಿನಿಮಾ ನೋಡಿ ಅಳೋದಿಲ್ಲವೆ, ಹಂಗೆ. ಕೆಲವು ಕಡೆ ಮಕ್ಕಳಿಂದ ನಾಟಕ ಆಡಿಸುತ್ತಾರೆ: ನೀನು ಪೊಲೀಸು, ನೀನು ತಾಯಿ, ಎಳೆದಾಡಿ ಅಂತ. ಇದು ನಮಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮುಳ್ಳು ಇದೆ. ಆಸ್ಟ್ರೇಲಿಯಾದ ಆ ತರಗತಿಯಲ್ಲಿ ಮೂಲನಿವಾಸಿಗಳ ಒಂದೋ ಎರಡೋ ಮಕ್ಕಳು ಕೂತಿರುತ್ತವೆ. ಎಲ್ಲ ಕಣ್ಣುಗಳೂ ಅವರ ಕಡೆ ತಿರುಗುತ್ತವೆ. ನಿಮ್ಮ ಅಜ್ಜಿಗೆ ಏನಾಯ್ತು ಹೇಳಮ್ಮ ಅಂತ ಮೇಷ್ಟ್ರು ಎಬ್ಬಿಸಿಬಿಟ್ಟರೆ? ನಮ್ಮ ಶಾಲೆಗಳಲ್ಲಿ ಸ್ಕಾಲರ್‌ಷಿಪ್ಪಿನ ಫಾರಂ ಬಂದಾಗ ಎಸ್ಸಿ ಎಸ್ಟಿ ಹುಡುಗರೆಲ್ಲ ಎದ್ದು ನಿಲ್ರಿ ಅಂದದ್ದು ನಮ್ಮ ಕಿವಿಯಲ್ಲಿ ಇನ್ನೂ ಇದೆ. ಎದ್ದು ನಿಂತ ಆ ಅರ್ಧ ನಿಮಿಷ ಎಷ್ಟು ಉದ್ದ ಎಂದು ಕೂತೇ ಇದ್ದವರಿಗೆ ಗೊತ್ತಾಗುವುದಿಲ್ಲ. ಕತೆ ಹೇಳುವುದು ಹೇಳುವವರ ಹಕ್ಕು, ಕೇಳುವವರ ಹಕ್ಕಲ್ಲ. ಅದಕ್ಕೇ ಅಲ್ಲಿಯ ಪ್ರಜ್ಞೆಯುಳ್ಳ ಶಿಕ್ಷಕರು ಆ ಮಕ್ಕಳ ಮನೆಯ ಹಿರಿಯರನ್ನು ಮೊದಲೇ ಕಂಡು ಮಾತಾಡುತ್ತಾರೆ. ಸತ್ತವರ ಹೆಸರು, ಚಿತ್ರ, ದನಿ ಪಾಠದಲ್ಲಿ ಬರುವುದಿದ್ದರೆ ಮುಂಚೆಯೇ ತಿಳಿಸುತ್ತಾರೆ. ಆ ಜನರ ಎಷ್ಟೋ ಕುಲಗಳಲ್ಲಿ ಸತ್ತವರ ಹೆಸರೆತ್ತುವುದಕ್ಕೆ ಕಟ್ಟಳೆ ಇದೆ. ಕಿಂಚೆಲಾದ ಹುಡುಗರು, ಈಗ ಮುದುಕರು, ತಮ್ಮದೇ ಸಂಘ ಕಟ್ಟಿಕೊಂಡು ಒಂದು ಬಸ್ಸನ್ನೇ ಸಂಚಾರಿ ಪಾಠಶಾಲೆ ಮಾಡಿದರು. ತಾವೇ ಮಕ್ಕಳ ಮುಂದೆ ನಿಂತು, ತಮ್ಮ ಮಾತಿನಲ್ಲಿ, ಎಷ್ಟು ಹೇಳಬೇಕೋ ಅಷ್ಟನ್ನು ಹೇಳಲು. ಇದು ನಮಗೆ ಬಹಳ ಹಿಡಿಸಿದ ಸಂಗತಿ. ಆದರೆ ವಯಸ್ಸು ಕಾಯುವುದಿಲ್ಲ. 2014–15ರಲ್ಲಿ ಬದುಕಿದ್ದವರ ಸಂಖ್ಯೆ 17,150 ಎಂದು ಸರ್ಕಾರಿ ಸಂಸ್ಥೆಯ ಅಂದಾಜು. ಹೀಗೆ ಒಯ್ಯುವುದೂ ಪೂರ್ತಿ ನಿಂತಿಲ್ಲ ಎಂದು ಆ ಮುದುಕರೇ ಹೇಳುತ್ತಾರೆ. ಆ ದೇಶದ ಮಕ್ಕಳಲ್ಲಿ ಮೂಲನಿವಾಸಿಗಳು ನೂರಕ್ಕೆ ಆರರಷ್ಟು. ಮನೆಯಿಂದ ಬೇರ್ಪಡಿಸಿ ಬೇರೆ ಕಡೆ ಇಟ್ಟಿರುವ ಮಕ್ಕಳಲ್ಲಿ ಅವರು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು.

ನಮ್ಮ ನೆಲದಲ್ಲಿ ಇದರ ನೆರಳು ಇರಲಿಲ್ಲವೆ ಎಂದು ಕೇಳಬಹುದು. ಇತ್ತು. ಅದೇ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದು ಹುಟ್ಟಿದ ಕೂಸಿನ ಹಣೆಗೂ ಕಳ್ಳ ಎಂದು ಬರೆದರು. 1911ರ ಕಾಯಿದೆ ಆ ಜನರ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಕಾಯಿದೆ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ತಂತಿಬೇಲಿಯೊಳಗೆ ಈ ಜನರನ್ನು ಕೂಡಿಹಾಕಿದ್ದ ಜಾಗಕ್ಕೆ ಜನ ಈಗಲೂ ಸೆಟ್ಲ್‌ಮೆಂಟ್ ಅಂತಲೇ ಅನ್ನುತ್ತಾರೆ. ಎರಡೂ ಒಂದೇ ಅಂತ ನಾವು ಹೇಳುತ್ತಿಲ್ಲ. ಅಲ್ಲಿ ಬಣ್ಣ ತೊಳೆಯುವ ಲೆಕ್ಕ, ಇಲ್ಲಿ ಕಸುಬು ಬಿಡಿಸಿ ಗಿರಣಿಗೆ ಕೂಲಿ ಮಾಡುವ ಲೆಕ್ಕ. ಆದರೆ ಆ ಕಾಯಿದೆಯ ಸಾಲನ್ನು ಓದಿದಾಗ ಮೂನಾಕಲ್ಲದ ಶಾಲೆಗೆ ಬಂದ ಮೋಟಾರು ನೆನಪಾಗದೆ ಇರಲಿಲ್ಲ. ಆ ಬೇಲಿಯೊಳಗೆ ಬೆಳೆದ ಮುದುಕರು ಮುದುಕಿಯರು ಯಾರಾದರೂ ನಿಮ್ಮ ಊರಿನಲ್ಲಿದ್ದರೆ, ಅವರು ಹೇಳಲು ಒಪ್ಪಿದರೆ, ಕೂತು ಕೇಳಿ ಬರೆದಿಟ್ಟುಕೊಳ್ಳಿ.

ಕೊನೆಗೆ ಒಂದು ಪುಸ್ತಕದ ಮಾತು. ಮೋಲಿ ಎಂಬ ಹುಡುಗಿಯ ಕತೆಯನ್ನು 2002ರ ಸಿನಿಮಾದಲ್ಲಿ ನೋಡಿದವರು ನಮ್ಮಲ್ಲೂ ಇದ್ದಾರೆ. 1931ರಲ್ಲಿ ನೆವಿಲ್‌ನ ಅಧಿಕಾರಿಗಳು ಜಿಗಲಾಂಗ್‌ನಿಂದ ಮೋಲಿ, ಡೇಸಿ, ಗ್ರೇಸಿ ಎಂಬ ಮೂವರನ್ನು ಮೂರ್ ರಿವರ್ ಎಂಬ ಶಿಬಿರಕ್ಕೆ ಒಯ್ದರು. ಹದಿನಾಲ್ಕು ವರ್ಷದ ಮೋಲಿ ಉಳಿದಿಬ್ಬರನ್ನು ಕರೆದುಕೊಂಡು ತಪ್ಪಿಸಿಕೊಂಡು, ಮೊಲಗಳನ್ನು ತಡೆಯಲು ಹಾಕಿದ್ದ ಬೇಲಿಯ ಗುರುತು ಹಿಡಿದು 1,600 ಕಿಲೋಮೀಟರಿನಷ್ಟು ನಡೆದು ಮನೆಗೆ ಹೋದಳು. ದಾರಿಯಲ್ಲಿ ಗ್ರೇಸಿ ಸಿಕ್ಕಿಬಿದ್ದಳು. ಸಿನಿಮಾದ ನಡಿಗೆ ಇಲ್ಲಿಗೆ ಮುಗಿಯುತ್ತದೆ. ಇದಕ್ಕೆ ಆಧಾರವಾದ ಪುಸ್ತಕ 1996ರದು. ಬರೆದವಳು ಮುದಿ ತಾಯಿಯ, ಚಿಕ್ಕಮ್ಮನ ನೆನಪುಗಳನ್ನು ಕೇಳಿಕೊಂಡು, ಜೊತೆಗೆ ಸರ್ಕಾರದ ಹಳೆ ಕಡತಗಳಿಂದ ಪತ್ರ, ತಂತಿಗಳನ್ನು ತೆಗೆದು ಅವುಗಳ ಪಕ್ಕದಲ್ಲೇ ಇಟ್ಟು ಬರೆದಳು. ಮೋಲಿಗೆ ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು. 1940ರಲ್ಲಿ ಆಸ್ಪತ್ರೆಗೆಂದು ಪರ್ತ್‌ಗೆ ಹೋದವಳನ್ನು ಮಕ್ಕಳ ಸಮೇತ ಮತ್ತೆ ಅದೇ ಮೂರ್ ರಿವರ್‌ಗೆ ಹಾಕಿದರು. ಮರುವರ್ಷ ಅವಳು ಮತ್ತೆ ತಪ್ಪಿಸಿಕೊಂಡು ಅದೇ ದಾರಿಯಲ್ಲಿ ನಡೆದಳು. ಎರಡು ಕೂಸುಗಳನ್ನು ಹೊತ್ತು ಅಷ್ಟು ದೂರ ಆಗದು. ಚಿಕ್ಕದನ್ನು ಎತ್ತಿಕೊಂಡು ದೊಡ್ಡದನ್ನು ಶಿಬಿರದಲ್ಲೇ ಬಿಟ್ಟಳು. ಆ ಚಿಕ್ಕದನ್ನೂ ಆಮೇಲೆ ಅವಳಿಂದ ಕಿತ್ತುಕೊಂಡರು. ಬಿಟ್ಟುಹೋದ ದೊಡ್ಡ ಕೂಸು ತಾಯಿಯ ಮುಖ ಮತ್ತೆ ನೋಡಿದ್ದು 1962ರಲ್ಲಿ. ಅವಳೇ ಡೋರಿಸ್ ಪಿಲ್ಕಿಂಗ್‌ಟನ್ ಗರಿಮಾರ, ಪುಸ್ತಕ ಬರೆದವಳು.